ಹಗ್ಗ ಬಿಟ್ಟು ಬಂದ ಪೇಟಿ

ಕೀಬೋರ್ಡ್ ಕೊಡಿಸು ಎಂದು ಮಗಳು ಗಂಟುಬಿದ್ದು ಕೆಲವು ತಿಂಗಳಾಯಿತು. ಫೋನಿನಲ್ಲಿ ಹತ್ತಾರು ವಿಡಿಯೋ ನೋಡಿದ್ದಾಳೆ. ಯಾವುದರ ಸ್ಪೀಕರ್ ಜೊಳ್ಳು, ಯಾವುದಕ್ಕೆ ಬೆರಳಿನ ಭಾರ ತಿಳಿಯುತ್ತದೆ, ಮೊದಲ ಸಲ ಕೊಳ್ಳುವವರು ಎಷ್ಟು ದುಡ್ಡು ಹಾಕಬೇಕು, ಎಲ್ಲ ಅವಳಿಗೆ ಬಾಯಿಪಾಠ. ನನ್ನನ್ನು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ ಮಾತು.

“ಅಡಾಪ್ಟರ್ ಕೊಡ್ತಾರೋ ಇಲ್ಲೋ, ಮೊದ್ಲ ಅದನ್ನ ಕೇಳು.”

“ಅಪ್ಪಾ, ಅಡಾಪ್ಟರ್ ಕೊಡಲಾರದ ಯಾರಾರ ಮಾರ್ತಾರೇನು?” ಎಂದು ಅವಳು ನಗುತ್ತಾಳೆ.

ಮಾರಿದವರಿದ್ದಾರೆ. ಕೊಂಡವನೂ ಇದ್ದಾನೆ.

ನಾನು ಹುಟ್ಟಾ ಚಿಂತೆಯ ಮನುಷ್ಯ. ಬಸ್ಸು ಬರದಿದ್ದರೆ ಯಾಕೆ ಬರಲಿಲ್ಲವೆಂದು, ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ಎಲ್ಲೋ ಏನೋ ತಪ್ಪಿರಬೇಕೆಂದು ಚಿಂತೆ ಮಾಡುವವನು. ಇಂಥವನು ಏನನ್ನಾದರೂ ಕೊಳ್ಳಲು ಹೊರಟರೆ ಅಂಗಡಿಯವನಿಗೂ ಕಷ್ಟ, ಜೊತೆಗೆ ಬಂದವರಿಗೂ ಕಷ್ಟ. ಆದರೆ ಆ ಮೊದಲ ಕೀಬೋರ್ಡಿನ ವಿಷಯದಲ್ಲಿ ನಾನು ಮಾಡಿದ ಚಿಂತೆಗಳೆಲ್ಲ ಸುಳ್ಳಾದವು. ಚಿಂತಿಸಬೇಕೆಂದು ನನಗೆ ಹೊಳೆಯದೇ ಹೋದ ಒಂದೇ ಒಂದು ಸಂಗತಿ ನಿಜವಾಯಿತು.

ಅದು ತೊಂಬತ್ತೆಂಟರ ಸುಮಾರು. ಕುಕನೂರಿನಲ್ಲಿ ಬಾಡಿಗೆ ಖೋಲಿ, ಹತ್ತಿರದ ಹಳ್ಳಿಯ ಸಾಲೆಯಲ್ಲಿ ಮಾಸ್ತರಿಕೆ. ಸಾಲೆಯಲ್ಲೊಂದು ಹಾರ್ಮೋನಿಯಂ ಇತ್ತು. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಬೇಸಿಗೆ ರಜೆಯಲ್ಲಿ ಇಲಿಗಳು ಅದರ ಗಾಳಿ ಊದುವ ತಿದಿಯನ್ನು ತಿಂದುಹಾಕಿದ್ದವು. ಒತ್ತಿದರೆ ಸ್ವರಕ್ಕೆ ಮೊದಲು ಉಬ್ಬಸ ಬರುತ್ತಿತ್ತು, ಕೆಲವೊಮ್ಮೆ ಉಬ್ಬಸ ಮಾತ್ರ. ಊರಿನ ಭಜನೆಯವರ ಬೆನ್ನ ಹಿಂದೆ ಕೂತು ನಾನು ಅಷ್ಟಿಷ್ಟು ಪೇಟಿ ಕಲಿತಿದ್ದೆ. ಪ್ರಾರ್ಥನೆ, ವರ್ಷಕ್ಕೊಮ್ಮೆ ಗ್ಯಾದರಿಂಗ್, ಎಲ್ಲಕ್ಕೂ ಬಾರಿಸುವವನು ನಾನೇ. ಆಗ ಎಲ್ಲ ಕಡೆ ಆರ್ಕೆಸ್ಟ್ರಾದ ಹುಚ್ಚು. ನಾನೂ ಒಂದು ಕರೆಂಟಿನ ಪೇಟಿ ಕೊಳ್ಳಬೇಕೆಂದು ನಿಶ್ಚಯಿಸಿದೆ. ಮಕ್ಕಳಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಕನ್ನಡಿಯ ಮುಂದೆ ನಿಂತು ತಲೆಗೂದಲು ಹಾರಿಸಿ ಗಾಳಿಯಲ್ಲಿ ಬಾರಿಸಿ ನೋಡಿದ್ದನ್ನು ಯಾರಿಗೂ ಹೇಳಲಿಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಒತ್ತುವ ಪಟ್ಟಿಗಳು ಪೇಟಿಯವಷ್ಟೇ ಅಗಲ ಇರಬೇಕು. ಸ್ಪೀಕರ್ ಒಳಗೇ ಇರಬೇಕು. ನಮ್ಮ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಸೆಲ್ಲಿನ ಮೇಲೂ ನಡೆಯಬೇಕು. ಒಂದು ಗುಂಡಿ ಒತ್ತಿ ಶ್ರುತಿ ಏರಿಸಲು ಇಳಿಸಲು ಬರಬೇಕು, ಯಾಕೆಂದರೆ ಬಿಳಿ ಒಂದು ಎಂಬ ಶ್ರುತಿಯನ್ನು ಬಿಟ್ಟರೆ ಬೇರೆ ಎಲ್ಲಿಂದಲೂ ನನಗೆ ಬಾರಿಸಲು ಬರುತ್ತಿರಲಿಲ್ಲ. ಕೊಪ್ಪಳದಲ್ಲಿ ನನ್ನ ಕೈಗೆ ಎಟಕುವಂಥದ್ದು ಸಿಕ್ಕಿತು, ಆದರೆ ಅದು ಆಟಿಕೆ. ಒಂದು ಬೆರಳಿಟ್ಟರೆ ಎರಡು ಪಟ್ಟಿ ಕೂಗುತ್ತಿದ್ದವು. ಹೊಸಪೇಟೆಯ ಅಂಗಡಿಯಲ್ಲಿ ಬೇಕಾದಂಥದ್ದೇ ಗಾಜಿನ ಹಿಂದೆ ಇತ್ತು. ಅಂಗಡಿಯವನು ನನ್ನ ಚಪ್ಪಲಿ ನೋಡಿ ಅದನ್ನು ಕೆಳಗಿಳಿಸಲಿಲ್ಲ. ಅವನ ಅಂದಾಜು ಸರಿಯಾಗಿಯೇ ಇತ್ತು.

ಆಗ ನಡುವೆ ಬಂದವನು ನನ್ನ ಅಕ್ಕನ ಗಂಡ. ನಾನು ಮಾಮಾ ಅನ್ನುತ್ತೇನೆ. ಮಾಮಾನಿಗೆ ಸಂಗೀತದ ಗಂಧವಿಲ್ಲ, ಆದರೆ ಎತ್ತು ಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ದನದ ಸಂತೆಯಲ್ಲಿ ಅವನಿಗೆ ಸುದ್ದಿ ಸಿಕ್ಕಿತ್ತು: ನವಲಿಯ ಹತ್ತಿರದ ಹಳ್ಳಿಯೊಂದರಲ್ಲಿ, ಎತ್ತಿನ ವ್ಯಾಪಾರ ಮಾಡುವ ಒಬ್ಬ ಅವ್ವನ ಮನೆಯಲ್ಲಿ, ಕರೆಂಟಿನ ಪೇಟಿ ಮಾರಾಟಕ್ಕಿದೆ. ಅವಳ ಮಗ ಗಂಗಾವತಿಯ ಆರ್ಕೆಸ್ಟ್ರಾ ಒಂದರಲ್ಲಿ ಬಾರಿಸುತ್ತಿದ್ದವನು. ಕಾರ್ಯಕ್ರಮ ಮುಗಿಸಿ ಬರುವಾಗ ಅವರ ವ್ಯಾನು ಕಾಲುವೆಗೆ ಉರುಳಿತ್ತು. ಅಂದು ಆರ್ಕೆಸ್ಟ್ರಾದವರು ದೊಡ್ಡ ಕೀಬೋರ್ಡ್ ಕೊಡುತ್ತೇವೆ ಎಂದಿದ್ದರಿಂದ ಇದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ.

ಸತ್ತವನ ವಸ್ತು ನನಗೆ ಬೇಡವೆಂದೆ.

“ಸತ್ತೋರ ಎತ್ತು ನಾವು ಹೊಡ್ಯಾಂಗಿಲ್ಲೇನಲೇ?” ಎಂದ ಮಾಮಾ. “ಎತ್ತಿಗೆ ಗೊತ್ತಿರತೈತಿ ಧಣಿ ಸತ್ತಿದ್ದು. ಇದಕ್ಕ ಏನ್ ಗೊತ್ತಿರತೈತಿ? ನಡಿ.”

ಕುಕನೂರಿನ ಕಡೆಯವನಿಗೆ ಗಂಗಾವತಿ ದಾಟಿದ ಮೇಲಿನ ಹೊಲಗಳನ್ನು ನೋಡಿದರೆ ಒಂದು ಬಗೆಯ ಅಂಜಿಕೆ. ನಮ್ಮ ಮಣ್ಣು ಬಿರುಕು ಬಿಟ್ಟರೂ ನಿಂತಲ್ಲೇ ನಿಂತಿರುತ್ತದೆ. ಅಲ್ಲಿ ನೆಲವೇ ಕಾಣುವುದಿಲ್ಲ. ಬತ್ತದ ಗದ್ದೆಯ ನೀರು, ನೀರಿನೊಳಗೆ ಮೋಡ, ಮೋಡದ ಮೇಲೆ ಬಸ್ಸಿನ ನೆರಳು. ರಸ್ತೆಯ ಪಕ್ಕಕ್ಕೇ ಕಾಲುವೆ. ಅದು ಇದೇ ಕಾಲುವೆಯೋ ಎಂದು ಮಾಮಾನನ್ನು ಕೇಳಬೇಕೆಂದುಕೊಂಡು ಕೇಳಲಿಲ್ಲ.

ಆ ಅವ್ವ ಗಟ್ಟಿ ಹೆಂಗಸು. ಅರವತ್ತರ ಆಸುಪಾಸು. ಗಂಡ ಹೋದ ಮೇಲೆ ಎತ್ತಿನ ವ್ಯಾಪಾರವನ್ನು ತಾನೇ ಹಿಡಿದವಳು. ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಗೋಣಿ ಹಾಸಿ ಪೇಟಿ ತಂದಿಟ್ಟಳು. ಮೇಲೆ ಅವಳದೇ ಹಳೆಯ ಸೀರೆಯ ತುಂಡು ಹೊದಿಸಿತ್ತು. ಗೋಡೆಯ ಗೂಟದಿಂದ ಎತ್ತಿನ ಹಗ್ಗಗಳು ಜೋತುಬಿದ್ದಿದ್ದವು, ಮಾರಿಹೋದ ಎತ್ತುಗಳವು.

ಮಾಮಾ ಬಟ್ಟೆ ಸರಿಸಿ ಕುಕ್ಕರಗಾಲಿನಲ್ಲಿ ಕೂತ. ಪಟ್ಟಿಗಳ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದ.

“ಹಲ್ಲು ಎಲ್ಲಾ ಅದಾವು. ಬಾಯಿಗೂಡೈತಿ,” ಎಂದ, ಹಲ್ಲು ತುಂಬಿದ ಎತ್ತಿಗೆ ಹೇಳುವ ಹಾಗೆ.

“ಒಂದೂ ಅಲ್ಲಾಡಂಗಿಲ್ಲ, ಕೈ ಹಾಕಿ ನೋಡಪಾ,” ಎಂದಳು ಅವ್ವ.

ಮಾಮಾ ತಿರುಗಿಸಿ ನೋಡಿದ, ಬೆನ್ನು ತಟ್ಟಿದ. ಎರಡು ಬದಿಯ ದುಂಡನೆಯ ಸ್ಪೀಕರುಗಳ ಮೇಲೆ ಅವನ ಕಣ್ಣು ನಿಂತಿತು. “ಸುಳಿ ಛಲೋ ಅದಾವ ಬಿಡ್ರಿ,” ಎಂದ. ಎತ್ತಿನ ಮೈಮೇಲಿನ ಸುಳಿ ನೋಡಿ ಮನೆಗೆ ಆಗಿಬರುವುದೋ ಇಲ್ಲವೋ ಎಂದು ಹೇಳುವವನು ಅವನು. ಅವ್ವ ನಗಲಿಲ್ಲ. ಇಬ್ಬರೂ ಪೂರ್ತಿ ಗಂಭೀರವಾಗಿದ್ದರು. ನನಗೊಬ್ಬನಿಗೇ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

“ಏ ಮಾಸ್ತರ, ಗಳೇಕ ಹೂಡಿ ನೋಡು,” ಎಂದು, ಎತ್ತನ್ನು ನೇಗಿಲಿಗೆ ಕಟ್ಟಿ ನೋಡು ಅನ್ನುವ ಹಾಗೆ, ಮಾಮಾ ನನ್ನತ್ತ ತಿರುಗಿದ.

ಅವ್ವ ಒಳಗಿಂದ ಅಡಾಪ್ಟರಿನ ವಾಯರು ಎಳೆದು ತಂದು ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು. ನಾನು ಸಾಲೆಯ ಪ್ರಾರ್ಥನೆ ಬಾರಿಸಿದೆ. ದನಿ ತೆಳ್ಳಗಿತ್ತು, ಆದರೆ ಸುಳ್ಳಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

“ಎಡಗೈ ಯಾಕ್ರಿ ಮಾಸ್ತರ್ರ, ಹಂಗ ಬೀಸಾಕತ್ತೈತಿ?”

ನೋಡಿಕೊಂಡೆ. ಇಲ್ಲದ ತಿದಿಯನ್ನು ನನ್ನ ಎಡಗೈ ಒತ್ತುತ್ತಿತ್ತು, ಗಾಳಿಯಲ್ಲಿ, ತಾಳ ತಪ್ಪದೆ.

“ನನ್ನ ಮಗಾನೂ ಮೊದ್ಲ ಹಿಂಗ ಮಾಡ್ತಿದ್ದ,” ಎಂದಳು. ನಗು ಅಲ್ಲಿಗೆ ನಿಂತಿತು.

ವ್ಯಾಪಾರ ಸಂತೆಯ ಪದ್ಧತಿಯಲ್ಲೇ ನಡೆಯಿತು. ಮಾಮಾ ಹೆಗಲ ಟವೆಲ್ ತೆಗೆದು ಕೈಮೇಲೆ ಹಾಕಿಕೊಂಡ, ಅವ್ವ ಅದರಡಿ ತನ್ನ ಕೈ ತೂರಿಸಿದಳು. ಬೆರಳು ಹಿಡಿದು ಬೆಲೆ ಹೇಳುವುದು, ಬೆರಳು ಮಡಿಸಿ ಇಳಿಸುವುದು. ಬಾಯಲ್ಲಿ ಮಳೆಯ ಮಾತು, ಮೇವಿನ ಮಾತು. ಕೊನೆಗೆ ಮಾಮಾ ಕೈ ಹೊರತೆಗೆದು ಉಜ್ಜಿಕೊಂಡ. ನನ್ನ ಕಿವಿಯಲ್ಲಿ, “ಏನ್ ಹಿಡಿತಲೇ ಯಪ್ಪಾ ಆ ಮುದುಕಿದು,” ಎಂದ. ಆದರೂ ನನ್ನ ಜೇಬಿಗೆ ಹೊಂದುವಂತೆಯೇ ಮುಗಿಸಿದ್ದ.

ಆಮೇಲೆ ಆದದ್ದು ನನ್ನ ಕಣ್ಣ ಮುಂದೆಯೇ ಆಯಿತು. ಅವ್ವ ಅಡಾಪ್ಟರನ್ನು ಪೇಟಿಯಿಂದಲೂ ಗೋಡೆಯಿಂದಲೂ ಕಿತ್ತಳು. ವಾಯರನ್ನು ಅಂಗೈಯಿಂದ ಮೊಣಕೈಗೆ ಸುತ್ತಿ ಸುತ್ತಿ ಸಿಂಬೆ ಮಾಡಿ, ಕೊಟ್ಟಿಗೆಯ ಗೂಟಕ್ಕೆ, ಎತ್ತಿನ ಹಗ್ಗಗಳ ಜೊತೆಗೆ, ತೂಗುಹಾಕಿದಳು.

“ಯವ್ವಾ, ಅದು...” ಎಂದೆ ನಾನು.

“ಹಗ್ಗ ಕೊಡಂಗಿಲ್ರಿ,” ಎಂದಳು.

ನಮ್ಮ ಸೀಮೆಯಲ್ಲಿ ಎತ್ತು ಮಾರಿದವರು ಅದರ ಹಗ್ಗ ಕೊಡುವುದಿಲ್ಲ. ಎತ್ತು ಹೋದರೂ ಹಗ್ಗ ಮನೆಯಲ್ಲಿದ್ದರೆ ಕೊಟ್ಟಿಗೆ ಬರಿದಾಗುವುದಿಲ್ಲ ಎಂಬ ನಂಬಿಕೆ. ಕೊಂಡವರು ಹೊಸ ಹಗ್ಗ ತರಬೇಕು. ಇದು ನನಗೂ ಗೊತ್ತು. ಆದರೆ ಅಡಾಪ್ಟರ್ ಹಗ್ಗವಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾಮಾ ನನ್ನ ತೋಳು ಚಿವುಟಿದ.

“ಖರೇ ಐತ್ರಿ ಯವ್ವಾ. ನಾವು ಹೊಸಾ ಹಗ್ಗ ತಂದೇವಿ,” ಎಂದವನೇ ಚೀಲದಿಂದ ಪುಂಡಿನಾರಿನ ಹೊಸ ಹಗ್ಗ ತೆಗೆದು ಪೇಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದ. ನಿಜಕ್ಕೂ ತಂದಿದ್ದ.

ಬಸ್ಸಿನಲ್ಲಿ ಜಗಳವಾಡಿದೆ. “ಕರೆಂಟು ಹೆಂಗ ಕೊಡ್ಲಿ ಮಾಮಾ ಇದಕ್ಕ?” ಎಂದರೆ, “ಸೆಲ್ ಅದಾವಲ್ಲ ಒಳಗ. ಆಕಿ ಮಗನ್ನ ಕಳಕೊಂಡಾಳ, ನೀ ಒಂದು ವಾಯರಿಗೆ ಅಳ್ತಿ,” ಎಂದ.

ಮರುದಿನ ಸಾಲೆ ಬಿಟ್ಟ ಮೇಲೆ ಖೋಲಿಯಲ್ಲಿ ಕೂತು ಪೇಟಿಯ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದೆ. ಪರದೇಶದ ಹೆಸರಿನ ತಾಳಗಳು, ಗಂಟೆಯ ದನಿ, ಕೊಳಲಿನ ದನಿ. ಮೂಲೆಯ ಒಂದು ಗುಂಡಿ ಒತ್ತಿದೆ. ಏನೂ ಆಗಲಿಲ್ಲ ಎಂದುಕೊಂಡು ನೀರು ಕುಡಿಯಲು ಎದ್ದೆ. ಬೆನ್ನ ಹಿಂದೆ ಪೇಟಿ ತಾನಾಗಿ ಬಾರಿಸತೊಡಗಿತು.

ಕೈಯಿಂದ ತಂಬಿಗೆ ಬಿತ್ತು. ನಾನು ಧೈರ್ಯವಂತನೆಂದು ಎಂದೂ ಹೇಳಿಕೊಂಡವನಲ್ಲ.

ಯಾವ ಹಾಡೆಂದು ಗುರುತು ಹತ್ತಲಿಲ್ಲ. ಚಾಲು, ಅಂದರೆ ಧಾಟಿ, ನಿಧಾನದ್ದು, ಕೆಳಗಿನಿಂದ ಮೆಟ್ಟಿಲು ಹತ್ತಿದಂತೆ ಏರುತ್ತಿತ್ತು. ಎರಡು ಸಲ ಒಂದೇ ಸಾಲು, ಮೂರನೆಯ ಸಲ ಇನ್ನೂ ಮೇಲಕ್ಕೆ, ಇನ್ನೇನು ಷಡ್ಜಕ್ಕೆ ಬಂದು ಕೂರಬೇಕು, ಅಷ್ಟರಲ್ಲಿ ನಿಂತುಹೋಯಿತು. ಮುಗಿಯಿತೆಂದುಕೊಂಡೆ. ಆದರೆ ಗುಂಡಿಯ ದೀಪ ಮಿನುಗುತ್ತಲೇ ಇತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎಡತುದಿಯ ಒಂದು ದಪ್ಪ ಸ್ವರ ಡುಮ್ಮೆಂದಿತು, ಏಳುವಾಗ ಯಾರದೋ ಮೊಣಕೈ ತಾಗಿದ ಹಾಗೆ. ಆಗ ದೀಪ ಆರಿತು.

ಮೂರು ದಿನ ಪೇಟಿಯನ್ನು ಹೊರಗಿನ ಪಡಸಾಲೆಯಲ್ಲಿಟ್ಟು ಒಳಗೆ ಚಿಲಕ ಹಾಕಿ ಮಲಗಿದೆ. ನಾಲ್ಕನೆಯ ದಿನ ಕೊಪ್ಪಳದ ರೇಡಿಯೋ ರಿಪೇರಿಯವನ ಹತ್ತಿರ ಒಯ್ದೆ. ಅವನು ಒತ್ತಿ ಕೇಳಿ, “ದೆವ್ವ ಅಲ್ರಿ ಸರ್. ಬಾರಿಸಿದ್ದನ್ನ ತುಂಬಿಟ್ಟುಕೊಳ್ಳತೈತಿ. ಯಾರೋ ತುಂಬ್ಯಾರ,” ಎಂದ. ನಂತರ ಹೇಳಿದ್ದು ದೆವ್ವಕ್ಕಿಂತ ಹೆಚ್ಚು ಹೆದರಿಸಿತು. ಆ ನೆನಪು ನಿಂತಿರುವುದು ಸೆಲ್ಲಿನ ಮೇಲೆ. ಸೆಲ್ಲು ಪೂರ್ತಿ ಸತ್ತರೆ ಅದೂ ಹೋಗುತ್ತದೆ, ಹೊಸ ಸೆಲ್ ಹಾಕಲು ಹಳೆಯವನ್ನು ತೆಗೆದರೂ ಹೋಗುತ್ತದೆ. ಉಳಿಯಬೇಕಾದರೆ ಅಡಾಪ್ಟರ್ ಸಿಕ್ಕಿಸಿ, ಕರೆಂಟು ಹರಿಯುತ್ತಿರುವಾಗಲೇ ಸೆಲ್ ಬದಲಿಸಬೇಕು.

“ಬ್ಯಾರೆ ಅಡಾಪ್ಟರ್ ಇಲ್ಲೇನ್ರಿ?”

“ಐತಿ. ಆದ್ರ ಇದರ ಪಿನ್ನಿನೊಳಗ ಪ್ಲಸ್ ಐತೋ ಮೈನಸ್ ಐತೋ ಗೊತ್ತಾಗವಲ್ದು. ಹಚ್ಚಿ ನೋಡೂಣು. ಹೋದ್ರ ಹೋಗತೈತಿ.”

ಹೋದ್ರ ಹೋಗತೈತಿ ಎಂಬ ಮಾತು ಕೇಳಿದ ಮೇಲೆ ನಾನು ಯಾವ ಅಂಗಡಿಯಲ್ಲೂ ನಿಲ್ಲುವುದಿಲ್ಲ.

ಆವತ್ತಿನಿಂದ ನನ್ನ ಸ್ಥಿತಿ ನಗುವಂಥದ್ದಾಯಿತು. ಬಾರಿಸಲೆಂದು ಕೊಂಡ ಪೇಟಿಯನ್ನು ಬಾರಿಸಿದರೆ ಸೆಲ್ ಸವೆಯುತ್ತದೆ. ಬಾರಿಸುವುದನ್ನು ಬಿಟ್ಟೆ. ಸಾಲೆಯಲ್ಲಿ ಮಕ್ಕಳು, “ಸರ್, ಕರೆಂಟ್ ಪೇಟಿ ಯಾವಾಗ ತರ್ತೀರಿ?” ಎಂದರೆ, “ನಾಳೆ,” ಎನ್ನುತ್ತ ಇಲಿ ತಿಂದ ಪೇಟಿಯನ್ನೇ ಉಬ್ಬಸದೊಂದಿಗೆ ಒತ್ತುತ್ತಿದ್ದೆ. ಆದರೆ ಸಂಜೆ ಖೋಲಿಗೆ ಬಂದ ಮೇಲೆ ಆ ಗುಂಡಿಯನ್ನು ಒಮ್ಮೆ ಒತ್ತದೆ ಇರಲಾಗುತ್ತಿರಲಿಲ್ಲ. ಇನ್ನೂ ಇದೆಯೋ ಇಲ್ಲವೋ ನೋಡಬೇಕಲ್ಲ. ನೋಡಿದಷ್ಟೂ ಸವೆಯುತ್ತಿತ್ತು. ದೀಪ ದಿನದಿನಕ್ಕೆ ಮಂಕಾಯಿತು, ದಪ್ಪ ಸ್ವರದಲ್ಲಿ ಗರಗರ ಸೇರಿತು. ಚಾಲು ನನಗೆ ಬಾಯಿಪಾಠವಾಯಿತು. ಸಾಲೆಯ ಕರಿಫಳಿಯ ಮೇಲೆ ಬರೆಯುವಾಗಲೂ ಬಲಗೈಯ ಬೆರಳುಗಳು ಒಳಗೊಳಗೇ ಏರುತ್ತಿದ್ದವು, ಆ ಜಾಗಕ್ಕೆ ಬಂದು ನಿಲ್ಲುತ್ತಿದ್ದವು. ಆ ಮೌನ ಯಾಕೆಂದು ತಿಳಿಯದೆ ತಲೆ ತಿನ್ನುತ್ತಿತ್ತು. ಮರೆತನೇ? ಬೇಸರವಾಯಿತೇ? ಏನನ್ನೋ ಕೇಳಿಸಿಕೊಂಡನೇ?

ಇದು ನನ್ನದಲ್ಲ ಎಂಬುದು ಮಾತ್ರ ನಿಧಾನವಾಗಿ ಖಚಿತವಾಯಿತು. ಆ ಅವ್ವನಿಗೆ ಇದು ಒಳಗಿರುವುದೇ ಗೊತ್ತಿಲ್ಲ. ಗೊತ್ತಿದ್ದರೆ ಮಾರುತ್ತಿದ್ದಳೇ? ಸೆಲ್ ಸಾಯುವ ಮೊದಲು ಅವಳು ಕೇಳಬೇಕು, ಅದು ಉಳಿಯಬೇಕು.

ಮಾಮಾನಿಗೆ ಹೇಳಿದೆ. ಅವನು ಹಣೆ ಚಚ್ಚಿಕೊಂಡ.

“ಎತ್ತು ತಂದು, ಹೂಡಲಾರದ ಮುಂದ ಕುಂತು ಮಾರಿ ನೋಡ್ತಿ. ಈಗ ಹಗ್ಗ ವಾಪಸ್ ಕೇಳಾಕ ಹೊಂಟಿ. ಮಾನ ಮರ್ಯಾದಿ ಏನರ ಐತೇನು? ನಾ ಬರಂಗಿಲ್ಲ.”

ಒಬ್ಬನೇ ಹೋದೆ. ಚೀಲದಲ್ಲಿ ಹೊಸ ಸೆಲ್ಲುಗಳು, ತೊಡೆಯ ಮೇಲೆ ಪುಂಡಿನಾರಿನ ಹಗ್ಗದಲ್ಲಿ ಬಿಗಿದ ಪೇಟಿ. ರಸ್ತೆಯ ಗುಂಡಿಗೆ ಬಸ್ಸು ಜಿಗಿದಾಗಲೆಲ್ಲ ಮಲಗಿದ ಕೂಸಿನಂತೆ ಅವುಚಿಕೊಂಡೆ. ಕಾಲುವೆ ಪಕ್ಕದಲ್ಲೇ ಬರುತ್ತಿತ್ತು. ಅದು ನನ್ನನ್ನು ನೋಡುತ್ತಿದೆ ಅನ್ನಿಸಿ ಆಚೆ ಬದಿಯ ಸೀಟಿಗೆ ಹೋಗಿ ಕೂತೆ.

ಅವ್ವ ಎತ್ತಿಗೆ ನೀರು ಕುಡಿಸುತ್ತಿದ್ದಳು. ನನ್ನನ್ನೂ ಹಗ್ಗ ಬಿಗಿದ ಪೇಟಿಯನ್ನೂ ನೋಡಿ ಮುಖ ಗಂಟಿಕ್ಕಿದಳು.

“ಖೋಡಿ ಏನರ ಬಂತೇನ್ರಿ? ನೋಡಿ ತಗೊಂಡೀರಿ ಮತ್ತ. ವಾಪಸ್ ಹಿಡ್ಯಾಂಗಿಲ್ಲ.”

“ಖೋಡಿ ಇಲ್ರಿ ಯವ್ವಾ. ಒಳಗ ಏನೋ ಉಳದೈತಿ. ನಿಮ್ಮದು. ಕುಂದರ್ರಿ, ಕೇಳ್ರಿ.”

ಕಟ್ಟೆಯ ಮೇಲಿಟ್ಟು ಗುಂಡಿ ಒತ್ತಿದೆ. ಸೆಲ್ಲಿನ ಶಕ್ತಿ ಮುಗಿಯುತ್ತ ಬಂದಿತ್ತು. ದನಿ ಸೊಳ್ಳೆಯಷ್ಟಾಗಿತ್ತು. ಅವ್ವ ಕೂತು, ಬಾಗಿ, ಕಿವಿಯನ್ನು ಸ್ಪೀಕರಿಗೆ ಹಚ್ಚಿದಳು. ಮೊದಲ ಸಾಲಿಗೇ ಅವಳಿಗೆ ತಿಳಿಯಿತು. ಹೇಗೆ ತಿಳಿಯಿತೋ, ಹೆಸರು ಹೇಳಲಿಲ್ಲ, ಅಳಲಿಲ್ಲ. ಕೈಯಲ್ಲಿದ್ದ ಬಕೀಟು ಹಾಗೆಯೇ ಹಿಡಿದಿದ್ದಳು. ಮೂರನೆಯ ಸಾಲು ಏರಿ ನಿಂತಿತು.

“ನಾ ಕರದಿದ್ನಿ,” ಎಂದಳು.

ನನಗೆ ಅರ್ಥವಾಗಲಿಲ್ಲ.

“ರೊಟ್ಟಿ ಆರತಾವು ಬಾ ಅಂತ ಒಳಗಿಂದ ಕರದಿದ್ನಿ. ಅದಕ್ಕ ನಿಲ್ಲಿಸ್ಯಾನ.” ಕಿವಿ ತೆಗೆಯದೆ, ಬೆರಳು ತುಟಿಗಿಟ್ಟು ನನ್ನನ್ನು ಸುಮ್ಮನಿರಿಸಿದಳು. ಆ ಉದ್ದನೆಯ ಮೌನವನ್ನು ಹಾಡು ಕೇಳಿದ ಹಾಗೆಯೇ ಕೇಳುತ್ತಿದ್ದಳು. “ಅಲ್ಲೇ ಕುಂತಾನ ನೋಡ್ರಿ. ಏಳವಲ್ಲ. ಕರದ್ರ ಒಮ್ಮೆಗೇ ಏಳೂ ಪೈಕಿ ಅಲ್ಲ ಅಂವ.”

ದಪ್ಪ ಸ್ವರ ಡುಮ್ಮೆಂದಿತು.

“ಈಗ ಎದ್ದ,” ಎಂದಳು.

ಅದು ಅವನ ಕಡೆಯ ದಿನದ್ದೋ ಎಂದು ಕೇಳಿದೆ. “ಯಾವತ್ತಿಂದೋ. ದಿನಾ ಕರೀತಿದ್ನಲ್ರಿ,” ಎಂದಳು. ಇನ್ನೊಮ್ಮೆ ಹಚ್ಚಲು ಹೇಳಿದಳು. ನಾನು ಸೆಲ್ಲಿನ ಸಂಗತಿ ವಿವರಿಸಿ, ಮೊದಲು ಹೊಸದನ್ನು ಹಾಕೋಣ, ಆಮೇಲೆ ಬೇಕಾದಷ್ಟು ಸಲ ಕೇಳಬಹುದು, ಅದಕ್ಕೆ ಗೂಟದ ಮೇಲಿನ ಅಡಾಪ್ಟರ್ ಬೇಕು ಎಂದೆ. ಗೂಟದತ್ತ ನೋಡಿದಳು, ನನ್ನತ್ತ ನೋಡಿದಳು. ಎದ್ದು ಹೋಗಿ ಇಳಿಸಿಕೊಂಡು ಬಂದಳು.

“ಕರೆಂಟು ಈಗ ಹೋಗಂಗಿಲ್ಲಲ್ರಿ?”

“ಮಧ್ಯಾಹ್ನ ಹೋಗಂಗಿಲ್ಲ. ಸಂಜೀಕ ಹೋಗತೈತಿ.”

“ಖಾತ್ರಿ ಐತಿಲ್ರಿ?”

“ಎಷ್ಟ್ ಅಂಜ್ತೀರಿ ಮಾಸ್ತರ್ರ, ಕೂಸು ಹಡ್ಯಾಕ ಕುಂತಂಗ!”

ಸಿಕ್ಕಿಸಿದೆವು. ಕೆಂಪು ದೀಪ ಮೊದಲಿನ ಹಾಗೆ ಕೆಂಪಗೆ ಹತ್ತಿತು. ಪೇಟಿಯನ್ನು ಮಗ್ಗಲು ಮಾಡಿ, ಬೆನ್ನಿನ ಮುಚ್ಚಳ ತೆಗೆದು, ಹಳೆಯ ಸೆಲ್ಲುಗಳನ್ನು ಹೊರಗೆ ತೆಗೆದೆ. ಒಳಗಿನ ಸ್ಪ್ರಿಂಗಿಗೆ ಸ್ವಲ್ಪ ಹಸಿರು ಹಿಡಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಹೊಸದನ್ನು ತುರುಕುತ್ತಿದ್ದರು. ನಾನು ಜೇಬಿನ ಕರವಸ್ತ್ರ ತೆಗೆದು ಒಂದೊಂದು ಸ್ಪ್ರಿಂಗನ್ನೂ ಒರೆಸಿದೆ. ಒಂದೊಂದು ಸೆಲ್ಲಿನ ತಲೆಯನ್ನೂ ಒರೆಸಿದೆ. ತಲೆ ಯಾವ ಕಡೆ, ಬುಡ ಯಾವ ಕಡೆ ಎಂದು ಎರಡೆರಡು ಸಲ ನೋಡಿ ಇಡುತ್ತ ಬಂದೆ. ಕೊನೆಯದು ಕೈಯಲ್ಲಿತ್ತು.

ಒಳಗೆ ಎಲ್ಲೋ ಫ್ಯಾನು ಸುತ್ತುವುದು ನಿಧಾನವಾಯಿತು. ಅದನ್ನು ಮೊದಲು ಕೇಳಿದೆ. ಆಮೇಲೆ ಕೆಂಪು ದೀಪ ನೋಡಿದೆ.

“ಹೋತು,” ಎಂದಳು ಅವ್ವ. “ಬರತೈತಿ ಬಿಡ್ರಿ. ಅಷ್ಟೊತ್ತಿಗೆ ರೊಟ್ಟಿ ಬಡೀತೀನಿ, ಉಂಡು ಹೋಗ್ರಿ.” ಎದ್ದು ಒಳಗೆ ಹೋದಳು.

ಕೊನೆಯ ಸೆಲ್ಲು ಹಾಕಿದೆ. ದೀಪ ಹತ್ತಿತು, ಝಗಮಗ. ಮೂಲೆಯ ಗುಂಡಿ ಒತ್ತಿದೆ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದೆ. ಮೊದಲಿನ ಮೌನದಲ್ಲಿ ಒಬ್ಬ ಕೂತಿದ್ದ. ಇದರಲ್ಲಿ ಯಾರೂ ಇರಲಿಲ್ಲ.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತು. ಓಡಿಹೋಗಬೇಕೆನ್ನಿಸಿತು, ಬಸ್ಸು ಯಾವಾಗಿದೆಯೋ ಗೊತ್ತಿರಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ಬಲಗೈ ಪಟ್ಟಿಗಳ ಮೇಲಿತ್ತು. ಕೆಳಗಿನಿಂದ ಹತ್ತಿತು. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ. ಎಡಗೈ ತನ್ನ ಪಾಡಿಗೆ ಗಾಳಿ ಒತ್ತುತ್ತಿತ್ತು. ಮೂರನೆಯ ಸಲ ಏರಿ, ಆ ಜಾಗಕ್ಕೆ ಬಂದು, ಬೆರಳು ನಿಂತಿತು. ಮುಂದೆ ಏನಿದೆಯೋ ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ರೊಟ್ಟಿಯ ಸದ್ದೂ ನಿಂತಿತ್ತು.

“ರೊಟ್ಟಿ ಆರತಾವು, ಬಾ,” ಎಂದಿತು ಒಳಗಿನ ದನಿ.

ನಾನು ಆ ಕ್ಷಣವೇ ಎದ್ದುಬಿಟ್ಟೆ. ಅಲ್ಲಿ ಇನ್ನೊಂದು ಗಳಿಗೆ ಕೂತಿದ್ದರೆ ಕೂತದ್ದು ನಾನಲ್ಲ ಅನ್ನಿಸುತ್ತಿತ್ತು.

ಅಡುಗೆಮನೆಯಲ್ಲಿ ಗಂಗಾಳದ ಮುಂದೆ ಕೂತೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವ್ವ ಒಲೆಯ ಕಡೆ ಮುಖ ಮಾಡಿದ್ದಳು.

“ಕರದ ಕೂಡ್ಲೇ ಬಂದ್ರಿ,” ಎಂದಳು. “ಅಂವ ಹಂಗ ಬರ್ತಿದ್ದಿಲ್ಲ.”

ಮುರಿದ ತುತ್ತನ್ನು ಗಂಗಾಳದಲ್ಲೇ ಇಟ್ಟೆ.

“ಯವ್ವಾ, ಅದು ಒಳಗಿಂದು...”

“ಗೊತ್ತೈತಿ. ದೀಪ ಆರಿದ್ದು ನೋಡಿದ್ನಿ. ನಿಮ್ಮ ಮಾರಿ ನೋಡಿದ್ನಿ.” ಇನ್ನೊಂದು ರೊಟ್ಟಿ ನನ್ನ ಗಂಗಾಳಕ್ಕೆ ಹಾಕಿದಳು. “ಅವನ ಕೈ ಸ್ವಲ್ಪ ಭಾರ. ನಿಮ್ಮದು ಹಗುರ. ಉಣ್ರಿ.”

ಉಂಡೆ. ಎಷ್ಟು ಬಡಿಸಿದರೂ ಬೇಡವೆನ್ನಲಿಲ್ಲ. ಕರೆಂಟು ಬಂದಿತು, ಫ್ಯಾನು ಸುತ್ತತೊಡಗಿತು. ಹೊರಡುವಾಗ ಅವ್ವ ಅಡಾಪ್ಟರಿನ ವಾಯರನ್ನು ಮತ್ತೆ ಮೊಣಕೈಗೆ ಸುತ್ತಿ ಸಿಂಬೆ ಮಾಡಿದಳು. ಗೂಟದ ಕಡೆ ಹೋಗುತ್ತಾಳೆ ಎಂದುಕೊಂಡೆ. ನನ್ನ ಚೀಲಕ್ಕೆ ಹಾಕಿದಳು.

“ಹಗ್ಗ ಕೊಡಬಾರದಲ್ರಿ ಯವ್ವಾ.”

“ಒಳಗಿಂದು ಹೋದ ಮ್ಯಾಲೆ ಹಗ್ಗ ಇಟಗೊಂಡು ಏನ್ ಮಾಡ್ಲಿ? ಒಯ್ರಿ. ಸಾಲಿ ಮಕ್ಕಳಿಗೆ ಬಾರಸ್ರಿ.”

ವಾಪಸ್ಸು ಬರುವಾಗ, ಬಸ್ಸು ಗಂಗಾವತಿ ದಾಟಿ ನೀರಿನ ಗದ್ದೆಗಳು ಮುಗಿಯುವ ಹೊತ್ತಿಗೆ, ಅದನ್ನು ಒಂದು ಟೇಪ್ ರಿಕಾರ್ಡರಿನಲ್ಲಿ ತುಂಬಿಕೊಳ್ಳಬಹುದಿತ್ತು ಎಂದು ಹೊಳೆಯಿತು. ಸಾಲೆಯ ಕಪಾಟಿನಲ್ಲೇ ಒಂದಿತ್ತು. ಕ್ಯಾಸೆಟ್ಟೂ ಇತ್ತು. ವಾರಗಟ್ಟಲೆ ನಾನು ಎಲ್ಲ ಬಗೆಯ ಅಪಾಯಗಳನ್ನೂ ಚಿಂತಿಸಿದ್ದೆ, ಅದೊಂದನ್ನು ಬಿಟ್ಟು. ಮಾಮಾನಿಗೆ ಈ ಮಾತು ಇಂದಿಗೂ ಹೇಳಿಲ್ಲ. ಚೀಲದಲ್ಲಿ ಅಡಾಪ್ಟರ್ ನೋಡಿ ಅವನು, “ಹಗ್ಗಾನೂ ಕಸಗೊಂಡು ಬಂದೀಯಲೇ?” ಎಂದು ಒಂದು ವರ್ಷ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಆ ಪೇಟಿ ಬಹಳ ವರ್ಷ ದುಡಿಯಿತು. ಎಷ್ಟೋ ಗ್ಯಾದರಿಂಗ್, ಎಷ್ಟೋ ಪ್ರಾರ್ಥನೆ. ಕೊನೆಗೆ ಪಟ್ಟಿಗಳು ಒಂದೊಂದಾಗಿ ಮೂಕವಾದವು. ಮಾಮಾನ ಭಾಷೆಯಲ್ಲಿ ಹಲ್ಲು ಬಿದ್ದವು. ಪೇಟಿ ಹೋದ ಮೇಲೂ ಅಡಾಪ್ಟರ್ ನಮ್ಮ ಮನೆಯ ಮೊಳೆಗೆ ತೂಗುತ್ತಿದೆ. ಯಾಕೆಂದು ಹೆಂಡತಿ ಕೇಳುವುದನ್ನು ಬಿಟ್ಟಿದ್ದಾಳೆ.

ಮೊನ್ನೆ ಮಗಳನ್ನು ಕರೆದುಕೊಂಡು ಕೊಪ್ಪಳದ ಅಂಗಡಿಗೆ ಹೋದೆ. ನನ್ನ ಚಪ್ಪಲಿ ನೋಡದೆಯೇ ಅಂಗಡಿಯವನು ಮೂರು ಕೀಬೋರ್ಡ್ ಇಳಿಸಿಟ್ಟ. ಮಗಳು ತಾನು ವಿಡಿಯೋ ನೋಡಿ ಕಲಿತು ಬಂದದ್ದನ್ನೆಲ್ಲ ಅವನ ಮುಂದೆ ಒಪ್ಪಿಸುತ್ತಿದ್ದಳು. ಅಪ್ಪಾ, ನೀವೂ ಬಾರಿಸಿ ನೋಡ್ರಿ ಎಂದಳು. ಕೂತೆ. ಪ್ರಾರ್ಥನೆ ಬಾರಿಸಬೇಕೆಂದಿದ್ದೆ. ಕೈ ಕೆಳಗಿನಿಂದ ಹತ್ತಿತು.

ಎರಡು ಸಲ ಒಂದೇ ಸಾಲು. ಮೂರನೆಯ ಸಲ ಮೇಲಕ್ಕೆ. ಅಲ್ಲಿಗೆ ಬಂದು ನಿಂತೆ. ಅಂಗಡಿಯ ಒಳಬಾಗಿಲಿಗೆ ಪರದೆ ಇತ್ತು. ನಾನು ಅದರತ್ತ ನೋಡುತ್ತ ಕೂತಿದ್ದೆನಂತೆ, ಮಗಳು ಆಮೇಲೆ ಹೇಳಿದಳು.

“ಯಾಕ್ರಿ ಸರ್, ಆ ಕೀ ಕೆಲಸ ಮಾಡವಲ್ದೇನ್ರಿ?” ಎಂದು ಅಂಗಡಿಯವನು ಬಾಗಿದ.

“ಇಲ್ರಿ, ಛಲೋ ಐತಿ,” ಎಂದೆ. ಏಳುವಾಗ ಮೊಣಕೈ ಎಲ್ಲಿಯೂ ತಾಗದಂತೆ ಎದ್ದೆ. “ಅಡಾಪ್ಟರ್ ಡಬ್ಬಿಯೊಳಗೇ ಐತಿಲ್ರಿ? ಒಮ್ಮೆ ತಗದು ತೋರಿಸ್ರಿ.”